8051 ಅಸೆಂಬ್ಲಿ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಫರ್ಮ್‌ವೇರ್, ಅಂದರೆ ಯಂತ್ರಗಳೊಳಗಿನ ಚಿಪ್ಪುಗಳಲ್ಲಿ ಓಡುವ ಕೋಡು ಬರೆಯುವುದು ನನ್ನ ಹೊಟ್ಟೆಪಾಡು. ಅಸೆಂಬ್ಲಿ ಅಂದರೆ ಆ ಚಿಪ್ಪಿನ ಸೂಚನೆಗಳನ್ನೇ ಒಂದೊಂದಾಗಿ ಬರೆಯುವುದು, 8051 ಅಂಥ ಒಂದು ಪುಟ್ಟ ಚಿಪ್. ಡಿಪ್ಲೊಮಾ ಓದುವ ಹುಡುಗರು, ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಮೇಲೆ "ಇದನ್ನು ಆಗಲೇ ಸರಿಯಾಗಿ ಕಲಿಯಬೇಕಿತ್ತು" ಅಂದುಕೊಂಡವರು, ಮನೆಯಲ್ಲಿ ಹವ್ಯಾಸಕ್ಕೆ ಸೋಲ್ಡರಿಂಗ್ ಐರನ್ ಹಿಡಿದವರು, ಎಲ್ಲರೂ ಸುತ್ತಿ ಬಳಸಿ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರತಿ ಸಲ ಫೋನಿನಲ್ಲಿ ಹೇಳುವುದಕ್ಕಿಂತ ಒಂದೇ ಕಡೆ ಬರೆದಿಟ್ಟರೆ ಒಳ್ಳೆಯದು ಅನ್ನಿಸಿತು. ಸೂಚನೆಗಳ ಹೆಸರನ್ನು ಇಲ್ಲಿ ಬಾಯಲ್ಲಿ ಹೇಳುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ. ಅವನ್ನು ಬೈಟುಗಳಾಗಿ ಬದಲಿಸುವ ಅಸೆಂಬ್ಲರಿಗೆ ಕೊಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು, ಹೀಗೇ ಟೈಪ್ ಮಾಡಿ ನನ್ನನ್ನು ಬೈಯಬೇಡಿ.

ಸಿ ಭಾಷೆ ಇರುವಾಗ ಅಸೆಂಬ್ಲಿ ಯಾಕೆ?

ಬರೆಯುವುದಕ್ಕೆ ಅಷ್ಟೇನೂ ಬೇಡ, ಓದುವುದಕ್ಕೆ ಬೇಕೇ ಬೇಕು. ನನ್ನ ಕೆಲಸದಲ್ಲಿ ಹೆಚ್ಚುಪಾಲು ಸಿ ಭಾಷೆಯೇ. ಆದರೆ ಬೋರ್ಡು ಅರ್ಧ ದಾರಿಯಲ್ಲಿ ನಿಂತುಬಿಟ್ಟು, ಯಾವ ಸಾಲಿನಲ್ಲಿ ನಿಂತಿತು ಅಂತ ಸಿ ಕೋಡು ನೋಡಿದರೆ ತಲೆಬುಡ ತಿಳಿಯದೇ ಹೋದಾಗ, ಡಿಬಗರ್ ಕೊನೆಗೆ ತೋರಿಸುವುದು ಅಸೆಂಬ್ಲಿಯನ್ನೇ. ಅದನ್ನು ಓದಲು ಬಂದವರು ಆವತ್ತು ಸಂಜೆ ಮನೆಗೆ ಹೋಗುತ್ತಾರೆ.

ಬರೆಯಲೇಬೇಕಾದ ಜಾಗಗಳೂ ಒಂದಷ್ಟಿವೆ. ಸಿ ಪ್ರೋಗ್ರಾಮಿನ ಮೇನ್ ಶುರುವಾಗುವ ಮೊದಲೇ ಯಾರೋ ಸ್ಟ್ಯಾಕಿನ (ವಾಪಸು ಹೋಗುವ ವಿಳಾಸಗಳನ್ನೂ ಎತ್ತಿಟ್ಟ ಬೆಲೆಗಳನ್ನೂ ಪೇರಿಸುವ ಮೆಮೊರಿಯ) ಜಾಗ ಗೊತ್ತು ಮಾಡಬೇಕು, ವೇರಿಯಬಲ್‌ಗಳ ಆರಂಭದ ಬೆಲೆಗಳನ್ನು ಫ್ಲ್ಯಾಶಿನಿಂದ ರ್‍ಯಾಮಿಗೆ ನಕಲು ಮಾಡಬೇಕು, ಉಳಿದವನ್ನು ಸೊನ್ನೆ ಮಾಡಬೇಕು. ಆ ಸ್ಟಾರ್ಟಪ್ ಕೋಡ್ ಬಹಳ ಕಡೆ ಇವತ್ತಿಗೂ ಅಸೆಂಬ್ಲಿಯೇ. ಒಂದು ಟಾಸ್ಕಿನಿಂದ ಇನ್ನೊಂದಕ್ಕೆ ಜಿಗಿಯುವ ಕೋಡು ರಿಜಿಸ್ಟರುಗಳನ್ನು (ಪ್ರೊಸೆಸರಿನೊಳಗಿನ ಪುಟ್ಟ ಮೆಮೊರಿ ಗೂಡುಗಳನ್ನು) ಎತ್ತಿಡಬೇಕು, ಸಿ ಭಾಷೆಯಲ್ಲಿ ರಿಜಿಸ್ಟರಿಗೆ ಹೆಸರೇ ಇಲ್ಲ. ಇನ್ನು ಸಮಯದ ವಿಷಯ. ಡಬ್ಲ್ಯುಎಸ್2812 ಅನ್ನುವ ಬಣ್ಣದ ಎಲ್‌ಇಡಿ ಪಟ್ಟಿ ನೋಡಿರಬಹುದು. ಅದಕ್ಕೆ ಒಂದು ಬಿಟ್ ಕಳಿಸಲು ಇರುವುದು 1.25 ಮೈಕ್ರೊಸೆಕೆಂಡ್. 16 ಮೆಗಾಹರ್ಟ್ಸ್‌ನಲ್ಲಿ ಓಡುವ ಆರ್ಡುಯಿನೊ ಊನೊ ಬೋರ್ಡಿಗೆ ಅದು 20 ಸೈಕಲ್, ಅಂದರೆ ಕ್ಲಾಕಿನ 20 ಬಡಿತ. ಅಷ್ಟರೊಳಗೆ ಪಿನ್ನನ್ನು ಏರಿಸಿ, ಸರಿಯಾದ ಕ್ಷಣಕ್ಕೆ ಇಳಿಸಿ, ಮುಂದಿನ ಬಿಟ್ ತೆಗೆದುಕೊಳ್ಳಬೇಕು. ಇಂಥ ಕಡೆ ಕಂಪೈಲರಿನ ಮರ್ಜಿಗೆ ಬಿಟ್ಟು ಕೂರಲಾಗುವುದಿಲ್ಲ.

ಯಾವ ಚಿಪ್ಪಿನಿಂದ ಶುರು ಮಾಡಲಿ? 8085, 8051, ಎವಿಆರ್, ಆರ್ಮ್, ರಿಸ್ಕ್-ಫೈವ್?

ಅತಿ ಹೆಚ್ಚು ಸಲ ಕೇಳುವ ಪ್ರಶ್ನೆ ಇದು. ಇದರ ಮೇಲೆ ಜಗಳ ಆಡುತ್ತಲೇ ಆರು ತಿಂಗಳು ಕಳೆದು ಏನೂ ಕಲಿಯದವರನ್ನೂ ಕಂಡಿದ್ದೇನೆ. ಯಾವುದಾದರೂ ಒಂದನ್ನು ಹಿಡಿಯಿರಿ, ಆದರೆ ಅದನ್ನು ಬಿಡಬೇಡಿ. ಅಸೆಂಬ್ಲಿ ಅಂದರೆ ಜಾವಾ, ಪೈಥಾನ್ ಥರ ಒಂದು ಭಾಷೆಯಲ್ಲ. ಒಂದು ಚಿಪ್ಪಿನ ಒಳಮನೆಯ ಪರಿಚಯ ಅದು, ಚಿಪ್ ಬದಲಾದರೆ ಮನೆಯೇ ಬದಲಾಗುತ್ತದೆ. ಒಂದು ಮನೆಯ ಮೂಲೆಮೂಲೆ ಗೊತ್ತಿದ್ದವರಿಗೆ ಎರಡನೆಯ ಮನೆಯಲ್ಲಿ ಅಡುಗೆಕೋಣೆ ಹುಡುಕುವುದು ಕಷ್ಟವಲ್ಲ.

ನಾನು ಹೇಳುವುದು 8051. ಇಂಟೆಲ್ ಇದನ್ನು 1980ರಲ್ಲಿ ತಂದಿತು: ಪ್ರೋಗ್ರಾಂ ಇಡಲು 4 ಕಿಲೋಬೈಟ್ ರೋಮ್, 128 ಬೈಟ್ ರ್‍ಯಾಮ್, ನಾಲ್ಕು ಪೋರ್ಟ್ (ಎಂಟೆಂಟು ಪಿನ್ನುಗಳ ಗುಂಪು), ಎರಡು ಟೈಮರ್, ಒಂದು ಸೀರಿಯಲ್ ಪೋರ್ಟ್, ಎಲ್ಲ ಒಂದೇ ಚಿಪ್ಪಿನಲ್ಲಿ. 128 ಬೈಟ್ ಅಂದರೆ ಒಂದು ಹಾಳೆಯ ಮೇಲೆ ಚೌಕ ಹಾಕಿ ಇಡೀ ಮೆಮೊರಿಯನ್ನು ಪೆನ್ಸಿಲ್ಲಿನಲ್ಲಿ ಬರೆದುಬಿಡಬಹುದು. ಕಲಿಯುವವರಿಗೆ ಅದಕ್ಕಿಂತ ದೊಡ್ಡ ವರ ಇಲ್ಲ. ನಮ್ಮ ಕಡೆಯ ಕಾಲೇಜು ಲ್ಯಾಬುಗಳಲ್ಲಿ ವರ್ಷಗಟ್ಟಲೆ ನಡೆದಿರುವ ಚಿಪ್ ಆದ್ದರಿಂದ ಸಂದೇಹ ಬಂದರೆ ಕೇಳಲು ಅಕ್ಕಪಕ್ಕ ಯಾರಾದರೂ ಸಿಗುತ್ತಾರೆ ಅನ್ನುವುದೂ ಒಂದು ಲಾಭ.

8085 ಅದಕ್ಕೂ ಹಳೆಯದು, 1976ರದು. ಲ್ಯಾಬಿನ ಕಿಟ್ಟಿನಲ್ಲಿ 3ಇ, 25 ಅಂತ ಹೆಕ್ಸ್ (16ರ ಆಧಾರದ) ಸಂಖ್ಯೆಗಳಲ್ಲಿ ಒಂದೊಂದೇ ಬೈಟ್ ಒತ್ತಿ ಕಲಿತವರಿಗೆ ಅದರ ಮೇಲೆ ಮಮತೆ ಇರುತ್ತದೆ, ನನಗೂ ಇದೆ. ಆದರೆ ಅದು ಬರೀ ಪ್ರೊಸೆಸರ್. ಮೆಮೊರಿ, ಪೋರ್ಟ್ ಎಲ್ಲ ಹೊರಗಿನಿಂದ ಜೋಡಿಸಬೇಕು, ಮನೆಯಲ್ಲಿ ಬ್ರೆಡ್‌ಬೋರ್ಡಿನ ಮೇಲೆ ಕಟ್ಟಲು ಹೋದರೆ ವೈರುಗಳ ಜೇಡರಬಲೆ. ಕೈಯಲ್ಲಿ ಆಗಲೇ ಆರ್ಡುಯಿನೊ ಇದ್ದರೆ ಅದರೊಳಗಿನ ಎವಿಆರ್ ಕುಟುಂಬದ ಎಟಿಮೆಗಾ328ಪಿ ಚಿಪ್ ಬಹಳ ಚೆನ್ನಾದ ಆಯ್ಕೆ. ಹೊಸದನ್ನು ಕೊಳ್ಳಬೇಡಿ, ಅದರಲ್ಲೇ ಕಲಿಯಿರಿ.

8051 ಸತ್ತುಹೋದ ಚಿಪ್ ಅಲ್ಲವೇ?

ಇಂಟೆಲ್ ಕೈಬಿಟ್ಟು ಬಹಳ ಕಾಲವಾಯಿತು, ಚಿಪ್ಪಿನ ಆಯುಸ್ಸು ಮುಗಿದಿಲ್ಲ. ನುವೊಟಾನ್, ಸಿಲಿಕಾನ್ ಲ್ಯಾಬ್ಸ್ ಮುಂತಾದವರು ಅದೇ ಸೂಚನೆಗಳನ್ನು ಓಡಿಸುವ ಚಿಪ್ ಮಾಡುತ್ತ ಬಂದಿದ್ದಾರೆ. ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್‌ನ ಸಿಸಿ2541 ಬ್ಲೂಟೂತ್ ಚಿಪ್ಪಿನ ಹೊಟ್ಟೆಯಲ್ಲಿರುವುದೂ 8051ನ ವಂಶದ ಕೋರ್.

ನನ್ನ ಲ್ಯಾಪ್‌ಟಾಪಿನಲ್ಲೇ ಕಲಿಯಬಹುದಲ್ಲ? ಅದೂ ಪ್ರೊಸೆಸರೇ ತಾನೇ?

ಲೆಕ್ಕ, ಲೂಪು, ಫಂಕ್ಷನ್ ಕರೆಯುವ ರೀತಿ ಇವನ್ನು ಧಾರಾಳವಾಗಿ ಕಲಿಯಬಹುದು. ಹಾರ್ಡ್‌ವೇರ್ ಮುಟ್ಟಲು ಮಾತ್ರ ಆಪರೇಟಿಂಗ್ ಸಿಸ್ಟಮ್ ಬಿಡುವುದಿಲ್ಲ. ಲಿನಕ್ಸಿನಲ್ಲಿ ಸಾಮಾನ್ಯ ಪ್ರೋಗ್ರಾಮಿನೊಳಗೆ ಪೋರ್ಟಿಗೆ ಬರೆಯುವ 'ಔಟ್' ಸೂಚನೆ ಹಾಕಿ ನೋಡಿ. ಪ್ರೊಸೆಸರೇ ತಡೆದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿಗೆ ದೂರು ಕೊಡುತ್ತದೆ, ಕರ್ನಲ್ ನಿಮ್ಮ ಪ್ರೋಗ್ರಾಮಿನ ಕತ್ತು ಹಿಸುಕುತ್ತದೆ.

ಪಿಸಿಯ ಮೇಲೆಯೇ ಆಡಬೇಕೆಂಬ ಹಟ ಇದ್ದರೆ ಬೂಟ್ ಸೆಕ್ಟರ್ ಬರೆಯಿರಿ. ಹಳೆಯ ಬಯಾಸ್ ಪದ್ಧತಿಯಲ್ಲಿ ಡಿಸ್ಕಿನ ಮೊದಲ 512 ಬೈಟ್‌ಗಳು ಮೆಮೊರಿಯ 7ಸಿ00 ವಿಳಾಸಕ್ಕೆ ಬಂದು ಕೂರುತ್ತವೆ, ಕೊನೆಯ ಎರಡು ಬೈಟ್ 55, ಎಎ ಆಗಿದ್ದರೆ ಯಂತ್ರ ಅಲ್ಲಿಗೆ ಜಿಗಿಯುತ್ತದೆ. ಕ್ಯೂಎಮು ಎಂಬ ಎಮ್ಯುಲೇಟರಿನಲ್ಲಿ ಮಾಡಿದರೆ ಲ್ಯಾಪ್‌ಟಾಪಿಗೆ ಏನೂ ಆಗದು. ಒಂದು ಭಾನುವಾರಕ್ಕೆ ಒಳ್ಳೆಯ ಮಜಾ. ಆದರೆ ರಿಲೇ (ವಿದ್ಯುತ್ತಿನಿಂದ ಆಡುವ ಸ್ವಿಚ್) ಟಿಕ್ ಅನ್ನುವ ಸದ್ದು ಅದರಲ್ಲಿ ಬರುವುದಿಲ್ಲ.

ಏನೇನು ಕೊಳ್ಳಬೇಕು?

8051ನ ವಂಶದ ಎಟಿ89ಎಸ್51 ಅಥವಾ 52 ಚಿಪ್, ಬ್ರೆಡ್‌ಬೋರ್ಡ್, ಚಿಪ್ಪಿಗೆ ತಾಳ ಕೊಡುವ 11.0592 ಮೆಗಾಹರ್ಟ್ಸ್ ಕ್ರಿಸ್ಟಲ್, 33 ಪಿಕೊಫ್ಯಾರಡ್ ಕೆಪಾಸಿಟರ್ ಎರಡು, ರೀಸೆಟ್ಟಿಗೆ 10 ಮೈಕ್ರೊಫ್ಯಾರಡ್ ಮತ್ತು 10 ಕಿಲೋಓಮ್, ಒಂದಷ್ಟು 0.1 ಮೈಕ್ರೊಫ್ಯಾರಡ್, ಎಲ್‌ಇಡಿ, ಪುಶ್ ಬಟನ್, ಯುಎಸ್‌ಬಿಯಿಂದ ಸೀರಿಯಲ್ಲಿಗೆ ಬದಲಿಸುವ ಪುಟ್ಟ ಬೋರ್ಡ್, ಕೋಡು ಇಳಿಸಲು ಯುಎಸ್‌ಬಿ‌ಎಎಸ್‌ಪಿ. ಬೆಂಗಳೂರಿನಲ್ಲಿದ್ದರೆ ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಎಲ್ಲವೂ ಚೀಲಕ್ಕೆ ಬೀಳುತ್ತವೆ.

ಕೊಳ್ಳುವಾಗ ಒಂದು ಅಕ್ಷರವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ: ಎಟಿ89ಎಸ್51 ಬೇಕು, ಎಟಿ89ಸಿ51 ಬೇಡ. 'ಎಸ್' ಇದ್ದರೆ ಬೋರ್ಡಿನಲ್ಲಿ ಕೂತಿರುವಾಗಲೇ ನಾಲ್ಕಾರು ವೈರಿನಲ್ಲಿ ಕೋಡು ಇಳಿಸಬಹುದು. 'ಸಿ' ಆದರೆ ಬೇರೆಯೇ ಪ್ಯಾರಲಲ್ ಪ್ರೋಗ್ರಾಮರ್ ಬೇಕು, ಪ್ರತಿ ಸಲ ಚಿಪ್ ಕಿತ್ತು ಹಾಕಬೇಕು. ಕಿತ್ತು ಹಾಕಿ ಕಿತ್ತು ಹಾಕಿ ಕಾಲು ಮುರಿದ ಚಿಪ್ಪುಗಳ ಒಂದು ಡಬ್ಬಿ ನನ್ನ ಹತ್ತಿರ ಇನ್ನೂ ಇದೆ.

ಸಾಫ್ಟ್‌ವೇರಿಗೆ ದುಡ್ಡು ಹಾಕಬೇಡಿ. ಎಡ್‌ಸಿಮ್51 ಸಿಮ್ಯುಲೇಟರ್, ಎಸ್‌ಡಿಸಿಸಿ ಕಂಪೈಲರ್ ಮತ್ತು ಅದರ ಜೊತೆ ಬರುವ ಅಸೆಂಬ್ಲರ್, ಎಲ್ಲ ಪುಕ್ಕಟೆ.

ಸೂಚನೆಗಳನ್ನೆಲ್ಲ ಬಾಯಿಪಾಠ ಮಾಡಬೇಕೇ?

ಬೇಡ. ಹದಿನೈದು ಇಪ್ಪತ್ತು ಸಾಕು, ಉಳಿದದ್ದಕ್ಕೆ ಪಟ್ಟಿ ಇದೆ. ಪರೀಕ್ಷೆ ಬರೆಯುವವರ ಪಾಡು ಬೇರೆ.

ಹ್ಯಾಷ್ ಚಿಹ್ನೆ ಮರೆತರೆ ಏನಾಗುತ್ತದೆ?

ಅಸೆಂಬ್ಲರ್ ತುಟಿ ಪಿಟಕ್ಕೆನ್ನುವುದಿಲ್ಲ, ಪ್ರೋಗ್ರಾಂ ಬೇರೆಯೇ ಆಗುತ್ತದೆ. 'ಮೂವ್ ಎ, #25ಎಚ್' ಅಂದರೆ 25 ಅನ್ನುವ ಸಂಖ್ಯೆಯನ್ನೇ ಎ ಎಂಬ ಅಕ್ಯುಮುಲೇಟರಿಗೆ (ಲೆಕ್ಕ ನಡೆಯುವ ರಿಜಿಸ್ಟರಿಗೆ) ಹಾಕು, ಕೊನೆಯ ಎಚ್ ಹೆಕ್ಸ್ ಅನ್ನುವ ಗುರುತು. 'ಮೂವ್ ಎ, 25ಎಚ್' ಅಂದರೆ 25ನೇ ನಂಬರಿನ ಮನೆಯಲ್ಲಿ ಏನಿದೆಯೋ ಅದನ್ನು ತಂದು ಹಾಕು. ಮೊದಲನೆಯದು 74 25 ಅನ್ನುವ ಎರಡು ಬೈಟ್ ಆಗುತ್ತದೆ, ಎರಡನೆಯದು ಇ5 25. ಎರಡೂ ಸರಿಯಾದ ಸೂಚನೆಗಳೇ ಆದ್ದರಿಂದ ತಪ್ಪು ಅಂತ ಹೇಳುವವರು ಯಾರೂ ಇಲ್ಲ. ಹೊಸಬರ ಕೋಡು ನನ್ನ ಕೈಗೆ ಬಂದರೆ ನಾನು ಮೊದಲು ಹುಡುಕುವುದೇ ಬಿಟ್ಟುಹೋದ ಹ್ಯಾಷ್. ಅದರ ಅಣ್ಣ ಇನ್ನೊಬ್ಬನಿದ್ದಾನೆ: ಎಫ್‌ಎಫ್‌ಎಚ್ ಅಂತ ಬರೆದರೆ ಅಸೆಂಬ್ಲರ್ ಅದನ್ನು ಯಾವುದೋ ಲೇಬಲ್ ಅಂದುಕೊಳ್ಳುತ್ತದೆ, ಮುಂದೆ ಸೊನ್ನೆ ಹಾಕಿ 0ಎಫ್‌ಎಫ್‌ಎಚ್ ಅನ್ನಬೇಕು. ಈ ಅಣ್ಣ ಗದ್ದಲ ಮಾಡುತ್ತಾನೆ, ಹಾಗಾಗಿ ಅಪಾಯ ಕಡಿಮೆ.

ಎಲ್ಲ ಸರಿಯಾಗಿ ಬರೆದಿದ್ದೇನೆ, ಎಲ್‌ಇಡಿ ಉರಿಯುತ್ತಿಲ್ಲ. ಯಾಕೆ?

ಕೋಡು ಬಿಡಿ, ಮೊದಲು ಮಲ್ಟಿಮೀಟರ್ ತೆಗೆದುಕೊಳ್ಳಿ. 40ನೇ ಪಿನ್ನಿನಲ್ಲಿ 5 ವೋಲ್ಟ್ ಇದೆಯೇ, 20ನೇ ಪಿನ್ ಗ್ರೌಂಡಿಗೆ ಹೋಗಿದೆಯೇ, 9ನೇ ಪಿನ್ ರೀಸೆಟ್ ಆದ ಮೇಲೆ ಸೊನ್ನೆಗೆ ಇಳಿದಿದೆಯೇ? ಆಮೇಲೆ 31ನೇ ಪಿನ್. ಇದರ ಹೆಸರು ಇಎ. ಇದನ್ನು 5 ವೋಲ್ಟಿಗೆ ಕಟ್ಟದಿದ್ದರೆ ಚಿಪ್ ತನ್ನೊಳಗಿನ ಫ್ಲ್ಯಾಶ್ ಬಿಟ್ಟು ಹೊರಗಿನ ಮೆಮೊರಿಯಲ್ಲಿ ಪ್ರೋಗ್ರಾಂ ಹುಡುಕಲು ಹೊರಡುತ್ತದೆ. ಹೊರಗೆ ಏನೂ ಇಲ್ಲ. ಗಾಳಿಯಲ್ಲಿ ತೇಲುತ್ತಿರುವ ಇಎ ಪಿನ್ ಒಮ್ಮೆ ಕೆಲಸ ಮಾಡುತ್ತದೆ, ಬೆರಳು ಹತ್ತಿರ ತಂದರೆ ಇನ್ನೊಮ್ಮೆ ಕೆಡುತ್ತದೆ, ದೆವ್ವ ಹಿಡಿದ ಹಾಗೆ.

ಇವೆಲ್ಲ ಸರಿ ಇದ್ದರೆ ಎಲ್‌ಇಡಿಯನ್ನು ಯಾವ ಕಡೆಗೆ ಜೋಡಿಸಿದ್ದೀರಿ ನೋಡಿ. 8051ನ ಪೋರ್ಟು ಕೊಡುವುದರಲ್ಲಿ ಜಿಪುಣ, ತೆಗೆದುಕೊಳ್ಳುವುದರಲ್ಲಿ ಧಾರಾಳಿ. ಪಿನ್ 1 ಆಗಿರುವಾಗ ಒಳಗಿನ ಬಲಹೀನ ಪುಲ್-ಅಪ್ (ಪಿನ್ನನ್ನು 5 ವೋಲ್ಟಿನ ಕಡೆಗೆ ಎಳೆಯುವ ವ್ಯವಸ್ಥೆ) ಕೊಡುವುದು ಸುಮಾರು 60 ಮೈಕ್ರೊಆಂಪಿಯರ್, ಅಷ್ಟಕ್ಕೆ ಎಲ್‌ಇಡಿ ಕಣ್ಣು ಬಿಡುವುದೂ ಕಷ್ಟ. ಪಿನ್ 0 ಆಗಿರುವಾಗ ಎಟಿ89ಎಸ್51 ಒಂದು ಪಿನ್ನಿನಲ್ಲಿ 10 ಮಿಲಿಆಂಪಿಯರ್ ತನಕ ಎಳೆದುಕೊಳ್ಳಬಲ್ಲದು. ಹಾಗಾಗಿ ಎಲ್‌ಇಡಿಯ ಒಂದು ತುದಿ ರೆಸಿಸ್ಟರ್ ಮೂಲಕ 5 ವೋಲ್ಟಿಗೆ, ಇನ್ನೊಂದು ಪಿನ್ನಿಗೆ. ಪಿನ್ನಿಗೆ 0 ಬರೆದರೆ ದೀಪ ಹತ್ತುತ್ತದೆ, 1 ಬರೆದರೆ ಆರುತ್ತದೆ. ಉಲ್ಟಾ ಅನ್ನಿಸುತ್ತದೆ, ಎರಡು ದಿನದಲ್ಲಿ ರೂಢಿಯಾಗುತ್ತದೆ.

ಪೋರ್ಟ್ 0 ಇನ್ನೂ ಒಂದು ಹೆಜ್ಜೆ ಮುಂದೆ: ಅದಕ್ಕೆ ಒಳಗೆ ಪುಲ್-ಅಪ್ ಇಲ್ಲವೇ ಇಲ್ಲ, ಇನ್‌ಪುಟ್ಟೋ ಔಟ್‌ಪುಟ್ಟೋ, 1 ಕಾಣಬೇಕಾದರೆ ಹೊರಗಿನಿಂದ 10 ಕಿಲೋಓಮ್ ಹಾಕಬೇಕು.

ಎಂಟು ಎಲ್‌ಇಡಿ ಸಾಲಾಗಿ ಹಾಕಿ ಓಡಾಡಿಸುವುದು ಎಲ್ಲರ ಎರಡನೇ ಪ್ರೋಗ್ರಾಂ. ಅಲ್ಲೊಂದು ಲೆಕ್ಕ ಬಹಳ ಜನ ಮರೆಯುತ್ತಾರೆ. ಒಂದೊಂದು ಪಿನ್ನಿಗೆ 10 ಮಿಲಿಆಂಪಿಯರ್ ಮಿತಿ ಇದ್ದರೂ, ಪೋರ್ಟ್ 1, 2, 3ರಲ್ಲಿ ಎಂಟೂ ಪಿನ್ ಸೇರಿ ಮಿತಿ 15 ಮಾತ್ರ. ಕೆಂಪು ಎಲ್‌ಇಡಿ ಮೇಲೆ 2 ವೋಲ್ಟ್ ಹೋದರೆ ರೆಸಿಸ್ಟರಿಗೆ ಉಳಿಯುವುದು 3 ವೋಲ್ಟ್. 330 ಓಮ್ ಹಾಕಿದರೆ ಒಂದಕ್ಕೇ 9 ಮಿಲಿಆಂಪಿಯರ್, ಎಂಟಕ್ಕೆ 72! 2.2 ಕಿಲೋಓಮ್ ಹಾಕಿ, ಎಂಟೂ ಸೇರಿ 11ರ ಹತ್ತಿರ ನಿಲ್ಲುತ್ತದೆ. ಈಗಿನ ಎಲ್‌ಇಡಿಗಳಿಗೆ ಅಷ್ಟು ಬೇಕಾದಷ್ಟಾಯಿತು.

ಡಿಲೇ ಲೆಕ್ಕ ಹಾಕುವುದು ಹೇಗೆ?

ಬೆರಳು ಮಡಚಿ ಎಣಿಸುವುದೇ. ಹಳೆಯ 8051ರಲ್ಲಿ ಕ್ರಿಸ್ಟಲ್ಲಿನ 12 ಬಡಿತಕ್ಕೆ ಒಂದು ಮಷೀನ್ ಸೈಕಲ್. 12 ಮೆಗಾಹರ್ಟ್ಸ್ ಕ್ರಿಸ್ಟಲ್ ಆದರೆ ಒಂದು ಸೈಕಲ್ಲಿಗೆ ಸರಿಯಾಗಿ ಒಂದು ಮೈಕ್ರೊಸೆಕೆಂಡ್. ಈಗ ಇದನ್ನು ನೋಡಿ:

ಕಾಯಿ: ಮೂವ್ ಆರ್6, #250
ಹೊರಗೆ: ಮೂವ್ ಆರ್7, #250
ಒಳಗೆ: ಡಿಜೆಎನ್‌ಜೆಡ್ ಆರ್7, ಒಳಗೆ
ಡಿಜೆಎನ್‌ಜೆಡ್ ಆರ್6, ಹೊರಗೆ
ರೆಟ್

ಡಿಜೆಎನ್‌ಜೆಡ್ ಅಂದರೆ ಒಂದು ಕಳೆ, ಸೊನ್ನೆ ಆಗದಿದ್ದರೆ ಜಿಗಿ. ಅದಕ್ಕೆ 2 ಸೈಕಲ್, ಮೂವ್‌ಗೆ 1. ಒಳಗಿನ ಸುತ್ತು 250 ಸಲ, 500 ಸೈಕಲ್. ಅದಕ್ಕೆ ಮೇಲಿನ ಮೂವ್‌ನ 1, ಕೆಳಗಿನ ಡಿಜೆಎನ್‌ಜೆಡ್‌ನ 2 ಸೇರಿಸಿ 503. ಅದು 250 ಸಲ, 1,25,750. ಮೊದಲ ಮೂವ್ 1, ರೆಟ್ 2, ಕರೆದ ಎಲ್‌ಕಾಲ್ 2. ಒಟ್ಟು 1,25,755 ಸೈಕಲ್, 12 ಮೆಗಾಹರ್ಟ್ಸ್‌ನಲ್ಲಿ 125.755 ಮಿಲಿಸೆಕೆಂಡ್. ನಾಲ್ಕು ಸಲ ಕರೆದರೆ ಅರ್ಧ ಸೆಕೆಂಡಿನ ಆಸುಪಾಸು. ಕ್ರಿಸ್ಟಲ್ 11.0592 ಆದರೆ ಇದೇ ಕೋಡು 136 ಮಿಲಿಸೆಕೆಂಡ್ ಚಿಲ್ಲರೆ ತೆಗೆದುಕೊಳ್ಳುತ್ತದೆ. ಅಂದಹಾಗೆ 250ರ ಬದಲು 0 ಹಾಕಿದರೆ ಲೂಪು ಕೂಡಲೇ ಮುಗಿಯುವುದಿಲ್ಲ, 256 ಸಲ ಸುತ್ತುತ್ತದೆ: ಮೊದಲು ಕಳೆಯುತ್ತದೆ, ಆಮೇಲೆ ನೋಡುತ್ತದೆ.

ಈ ಲೆಕ್ಕವನ್ನು ಒಂದು ಸಲವಾದರೂ ಕೈಯಲ್ಲೇ ಮಾಡಿ, ಆಮೇಲೆ ಆಸಿಲೋಸ್ಕೋಪಿನಲ್ಲೋ ಕಡೇಪಕ್ಷ ಸ್ಟಾಪ್‌ವಾಚಿನಲ್ಲೋ ಅಳೆದು ತಾಳೆ ನೋಡಿ. ನಿಮ್ಮ ಹಾಳೆಯ ಸಂಖ್ಯೆಯೂ ಯಂತ್ರದ ಸಮಯವೂ ಒಂದೇ ಆದಾಗ ಆಗುವ ಖುಷಿಗೆ ನಾನು ಈ ಕಸುಬಿಗೆ ಬಿದ್ದೆ.

ಎಲ್ಲರೂ 11.0592 ಮೆಗಾಹರ್ಟ್ಸ್ ಅನ್ನುತ್ತಾರೆ. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು?

ಲ್ಯಾಬಿನಲ್ಲಿ ಈ ಪ್ರಶ್ನೆಗೆ "ಸಿಲಬಸ್ಸಿನಲ್ಲಿದೆ" ಅನ್ನುವ ಉತ್ತರ ಸಿಗುವುದುಂಟು. ನಿಜವಾದ ಉತ್ತರ ಭಾಗಾಕಾರದಲ್ಲಿದೆ.

1,10,59,200ನ್ನು 12ರಿಂದ ಭಾಗಿಸಿ: 9,21,600. ಸೀರಿಯಲ್ ಪೋರ್ಟು ಅದನ್ನು ಮತ್ತೆ 32ರಿಂದ ಭಾಗಿಸುತ್ತದೆ: 28,800. ಟೈಮರ್ 1 ಅದನ್ನು 3ರಿಂದ ಭಾಗಿಸಿದರೆ ಸರಿಯಾಗಿ 9,600, ಸೀರಿಯಲ್ಲಿನಲ್ಲಿ ಸಾಮಾನ್ಯವಾಗಿ ಬಳಸುವ ವೇಗ (ಸೆಕೆಂಡಿಗೆ ಇಷ್ಟು ಬಿಟ್), ಒಂದು ಕೂದಲಿನಷ್ಟೂ ಆಚೀಚೆ ಇಲ್ಲ. ಟೈಮರ್ ಮೇಲಕ್ಕೆ ಎಣಿಸುವುದರಿಂದ 3 ಹೆಜ್ಜೆ ಬೇಕೆಂದರೆ 256ರಿಂದ 3 ಕಳೆದು 253 ಹಾಕಬೇಕು, ಹೆಕ್ಸಿನಲ್ಲಿ ಅದು ಎಫ್‌ಡಿ. ಎಲ್ಲ ಪುಸ್ತಕಗಳಲ್ಲೂ ಟಿಎಚ್1 ಎಂಬ ಟೈಮರ್ 1ರ ರಿಜಿಸ್ಟರಿಗೆ ಎಫ್‌ಡಿ ಹಾಕಿ ಅಂತ ಮಂತ್ರದ ಹಾಗೆ ಬರೆದಿರುವುದು ಇದಕ್ಕೇ.

ಈಗ 12 ಮೆಗಾಹರ್ಟ್ಸ್ ಹಾಕಿ ನೋಡೋಣ. 10,00,000ನ್ನು 32ರಿಂದ ಭಾಗಿಸಿದರೆ 31,250. 9,600 ಬೇಕೆಂದರೆ 3.255ರಿಂದ ಭಾಗಿಸಬೇಕು, ಟೈಮರಿಗೆ ದಶಾಂಶ ಗೊತ್ತಿಲ್ಲ. 3 ಹಾಕಿದರೆ 10,417 ಬರುತ್ತದೆ, ನೂರಕ್ಕೆ ಎಂಟೂವರೆ ಹೆಚ್ಚು. ಇದರಿಂದ ಏನು ಕೆಡುಕು? ಸೀರಿಯಲ್ಲಿನಲ್ಲಿ ಗಡಿಯಾರದ ವೈರು ಇರುವುದಿಲ್ಲ. ಕೇಳುವವನು ಸ್ಟಾರ್ಟ್ ಬಿಟ್ ಕಂಡ ಕ್ಷಣದಿಂದ ತನ್ನದೇ ಗಡಿಯಾರ ನೋಡಿಕೊಂಡು ಪ್ರತಿ ಬಿಟ್ಟಿನ ನಟ್ಟನಡುವೆ ಇಣುಕುತ್ತಾನೆ. ಹತ್ತನೇ ಬಿಟ್ಟಿನ ನಡುವಿಗೆ ಬರುವಷ್ಟರಲ್ಲಿ ಒಂಬತ್ತೂವರೆ ಬಿಟ್ ಕಳೆದಿರುತ್ತದೆ. ಪ್ರತಿ ಬಿಟ್ಟಿಗೆ ನೂರಕ್ಕೆ ಎಂಟೂವರೆ ಜಾರಿದರೆ ಅಷ್ಟರಲ್ಲಿ ಮುಕ್ಕಾಲು ಬಿಟ್ ದಾಟಿಹೋಗಿರುತ್ತದೆ, ಅಂದರೆ ಪಕ್ಕದ ಬಿಟ್ಟಿನಲ್ಲಿ ಇಣುಕುತ್ತಿರುತ್ತಾನೆ. ಪರದೆಯ ಮೇಲೆ ಚಿತ್ರವಿಚಿತ್ರ ಅಕ್ಷರ ಬರುವುದು ಹೀಗೆ. ಎರಡೂ ಕಡೆಯ ಗಡಿಯಾರಗಳ ವ್ಯತ್ಯಾಸ ಸೇರಿ ನೂರಕ್ಕೆ ಐದರ ಹತ್ತಿರ ಹೋದರೆ ಆಟ ಮುಗಿಯಿತು ಅಂತಲೇ ಲೆಕ್ಕ.

12ರ ಕ್ರಿಸ್ಟಲ್ ಆಗಲೇ ತಂದುಬಿಟ್ಟಿದ್ದರೆ ಎಸೆಯಬೇಡಿ. 31,250ನ್ನು 13ರಿಂದ ಭಾಗಿಸಿದರೆ 2,404, ಅದು 2,400ಕ್ಕೆ ಸಾಕಷ್ಟು ಹತ್ತಿರ. ಟಿಎಚ್1ಕ್ಕೆ ಎಫ್3 ಹಾಕಿ, ಎರಡೂ ಕಡೆ 2,400 ಇಟ್ಟುಕೊಂಡರೆ ಮಾತುಕತೆ ಸುಸೂತ್ರ.

11.0592ರ ಇನ್ನೊಂದು ಗುಟ್ಟು ನನಗೆ ಬಹಳ ಇಷ್ಟ. ಟೈಮರ್ 0ನಲ್ಲಿ 50 ಮಿಲಿಸೆಕೆಂಡ್ ಬೇಕೆಂದರೆ 46,080 ಎಣಿಕೆ ಬೇಕು. 65,536ರಿಂದ ಅದನ್ನು ಕಳೆದರೆ 19,456, ಹೆಕ್ಸಿನಲ್ಲಿ 4ಸಿ00. ಕೆಳಗಿನ ಬೈಟ್ ಸೊನ್ನೆ! ಲೆಕ್ಕಕ್ಕೆ ಸಿಗದ ಸಂಖ್ಯೆ ಅಂತ ಬೈಸಿಕೊಳ್ಳುವ ಈ ಕ್ರಿಸ್ಟಲ್ಲು ಇಲ್ಲಿ 12ಕ್ಕಿಂತ ಚೊಕ್ಕ. 12ರಲ್ಲಿ ಇದೇ ಬೆಲೆ 3ಸಿಬಿ0 ಬರುತ್ತದೆ.

ಬಟನ್ ಓದಲು ಹೋದರೆ ಯಾವಾಗಲೂ ಸೊನ್ನೆಯೇ ಬರುತ್ತಿದೆ.

ಆ ಪಿನ್ನಿಗೆ ಮೊದಲು ಎಲ್ಲಾದರೂ 0 ಬರೆದಿದ್ದೀರಿ. 8051ರಲ್ಲಿ ಪಿನ್ನನ್ನು ಇನ್‌ಪುಟ್ ಮಾಡಲು ಬೇರೆ ರಿಜಿಸ್ಟರ್ ಇಲ್ಲ, 1 ಬರೆಯುವುದೇ ಇನ್‌ಪುಟ್ ಮಾಡಿದ ಹಾಗೆ. 0 ಬರೆದಿದ್ದರೆ ಒಳಗಿನ ಟ್ರಾನ್ಸಿಸ್ಟರ್ ಪಿನ್ನನ್ನು ನೆಲಕ್ಕೆ ಒತ್ತಿ ಹಿಡಿದಿರುತ್ತದೆ, ಬಟನ್ ಒತ್ತಿದರೇನು ಬಿಟ್ಟರೇನು.

ಒಂದು ಸಲ ಒತ್ತಿದರೆ ಐದಾರು ಸಲ ಎಣಿಸುತ್ತಿದೆ ಅನ್ನುವುದು ಮುಂದಿನ ದೂರು. ಅದು ಕೋಡಿನ ತಪ್ಪಲ್ಲ, ಲೋಹದ್ದು. ಒಳಗಿನ ತಗಡು ಕೂರುವ ಮುಂಚೆ ಕೆಲವು ಮಿಲಿಸೆಕೆಂಡ್ ಕುಣಿಯುತ್ತದೆ. ಮೊದಲ ಸಲ ಕಂಡ ಮೇಲೆ 20 ಮಿಲಿಸೆಕೆಂಡ್ ಕಾದು ಮತ್ತೊಮ್ಮೆ ನೋಡಿ.

ಸ್ಟ್ಯಾಕ್ ಎಲ್ಲಿ ಇಡಬೇಕು?

ರೀಸೆಟ್ ಆದಾಗ ಸ್ಟ್ಯಾಕ್ ಪಾಯಿಂಟರಿನಲ್ಲಿ 07 ಇರುತ್ತದೆ. 8051ರ ಸ್ಟ್ಯಾಕ್ ಮೇಲಕ್ಕೆ ಬೆಳೆಯುವುದರಿಂದ ಮೊದಲ ಬೈಟ್ ಹೋಗಿ ಕೂರುವುದು 08ರಲ್ಲಿ. ಅದು ಎರಡನೇ ರಿಜಿಸ್ಟರ್ ಬ್ಯಾಂಕಿನ (ಆರ್0ರಿಂದ ಆರ್7ರ ತನಕದ ಎಂಟರ ಗುಂಪಿನ) ಆರ್0. ಆ ಬ್ಯಾಂಕನ್ನು ನೀವೂ ಬಳಸಿದಿರೋ, ಇಬ್ಬರಿಗೆ ಒಂದೇ ಸೀಟು ರಿಸರ್ವ್ ಆದ ಬಸ್ಸಿನ ಕಥೆ. ಪ್ರೋಗ್ರಾಮಿನ ಮೊದಲ ಸಾಲಿನಲ್ಲೇ ಸ್ಟ್ಯಾಕ್ ಪಾಯಿಂಟರಿಗೆ #2ಎಫ್‌ಎಚ್ ಹಾಕಿ. 30ರಿಂದ 7ಎಫ್ ತನಕ 80 ಬೈಟ್ ಸಿಗುತ್ತದೆ. 8085ರಲ್ಲಿ ಸ್ಟ್ಯಾಕ್ ಕೆಳಕ್ಕೆ ಬೆಳೆಯುತ್ತದೆ, ಎರಡನ್ನೂ ಒಂದೇ ಸೆಮಿಸ್ಟರಿನಲ್ಲಿ ಓದಿದವರು ಗೋಜಲು ಮಾಡಿಕೊಳ್ಳುವುದು ಸಹಜ.

ಇಂಟರಪ್ಟ್ ಒಂದೇ ಸಲ ಬಂದು ಆಮೇಲೆ ಬರುವುದೇ ಇಲ್ಲ. ಕೆಲವು ಸಲ ಮೇನ್ ಲೂಪು ಸುಮ್ಮಸುಮ್ಮನೆ ತಪ್ಪು ಮಾಡುತ್ತದೆ.

ಇಂಟರಪ್ಟ್ ಅಂದರೆ ನಡೆಯುತ್ತಿರುವ ಕೆಲಸವನ್ನು ನಡುವೆ ನಿಲ್ಲಿಸಿ ಬೇರೆ ಕೋಡಿಗೆ ಕರೆದೊಯ್ಯುವ ಕರೆ. ಮೊದಲನೆಯದು ಸುಲಭ: ಆ ಕೋಡಿನ ಕೊನೆಯಲ್ಲಿ ರೆಟಿ ಬದಲು ರೆಟ್ ಬರೆದಿದ್ದೀರಿ. ರೆಟ್ ಕೂಡ ಸರಿಯಾದ ಜಾಗಕ್ಕೇ ವಾಪಸು ಹೋಗುತ್ತದೆ, ಆದರೆ "ಇಂಟರಪ್ಟ್ ಮುಗಿಯಿತು" ಅಂತ ಚಿಪ್ಪಿಗೆ ಹೇಳುವುದಿಲ್ಲ. ಚಿಪ್ ಇನ್ನೂ ಅದರೊಳಗೇ ಇದ್ದೇನೆ ಅಂದುಕೊಂಡು ಅದೇ ದರ್ಜೆಯ ಬೇರೆ ಇಂಟರಪ್ಟನ್ನು ಹೊಸಿಲು ದಾಟಲು ಬಿಡುವುದಿಲ್ಲ.

ಎರಡನೆಯದು ನನ್ನ ಎರಡು ದಿನ ತಿಂದಿದೆ. ಕೆಲಸಕ್ಕೆ ಸೇರಿದ ಹೊಸತು. ಹೀಟರ್ ನಿಯಂತ್ರಿಸುವ ಬೋರ್ಡು, ಉಷ್ಣತೆ ಮಿತಿಗಿಂತ ಕೆಳಗಿದ್ದರೆ ರಿಲೇ ಹಾಕಬೇಕು. ಹತ್ತೋ ಹದಿನೈದೋ ನಿಮಿಷಕ್ಕೊಮ್ಮೆ ರಿಲೇ ಕಾರಣವಿಲ್ಲದೆ ಟಿಕ್ ಅನ್ನುತ್ತಿತ್ತು. ಸೆನ್ಸರ್ ಬದಲಿಸಿದೆ, ಪವರ್ ಸಪ್ಲೈ ಬದಲಿಸಿದೆ, ರಿಲೇಯನ್ನೇ ಶಪಿಸಿದೆ. ಕೊನೆಗೆ ಕಂಡದ್ದು ಇದು: ಮೇನ್ ಲೂಪಿನಲ್ಲಿ ಸಿಜೆಎನ್‌ಇ ಸೂಚನೆ ಎರಡು ಬೆಲೆಗಳನ್ನು ಹೋಲಿಸಿ ಫಲಿತಾಂಶವನ್ನು ಕ್ಯಾರಿ ಬಿಟ್ಟಿನಲ್ಲಿ ಇಡುತ್ತದೆ, ಮುಂದಿನ ಸಾಲು ಕ್ಯಾರಿ ನೋಡಿ ಜಿಗಿಯುತ್ತದೆ. ಆ ಎರಡು ಸಾಲುಗಳ ನಡುವಿನ ಸಂದಿಯಲ್ಲೇ ಟೈಮರ್ ಇಂಟರಪ್ಟ್ ನುಗ್ಗಿದರೆ, ಅದರೊಳಗಿನ ಒಂದು ಆ್ಯಡ್ ಸೂಚನೆ ಕ್ಯಾರಿಯನ್ನು ಕೆಡಿಸಿ ಹೋಗುತ್ತಿತ್ತು. ಕ್ಯಾರಿ ಇರುವ ಪಿಎಸ್‌ಡಬ್ಲ್ಯು ರಿಜಿಸ್ಟರನ್ನು ನಾನು ಸ್ಟ್ಯಾಕಿನಲ್ಲಿ ಎತ್ತಿಟ್ಟಿರಲಿಲ್ಲ. ಎರಡು ಪುಶ್, ಎರಡು ಪಾಪ್, ಅಷ್ಟೇ ಬೇಕಿದ್ದದ್ದು.

ಹಾಗಾಗಿ ಇಂಟರಪ್ಟಿನೊಳಗೆ ಕಾಲಿಡುತ್ತಲೇ ಪುಶ್ ಎಸಿಸಿ, ಪುಶ್ ಪಿಎಸ್‌ಡಬ್ಲ್ಯು. ಹೊರಡುವಾಗ ಹಿಂದುಮುಂದಾಗಿ ಪಾಪ್. 'ಪುಶ್ ಎ' ಅಂದರೆ ಅಸೆಂಬ್ಲರ್ ಒಪ್ಪುವುದಿಲ್ಲ, ಪುಶ್‌ಗೆ ವಿಳಾಸ ಬೇಕು, ಎಸಿಸಿ ಅನ್ನುವುದು ಇ0 ಅನ್ನುವ ವಿಳಾಸದ ಹೆಸರು. ಇನ್ನೊಂದು: ಒಂದು ವೆಕ್ಟರಿಗೂ (ಇಂಟರಪ್ಟ್ ಬಂದಾಗ ಚಿಪ್ ಜಿಗಿಯುವ ವಿಳಾಸಕ್ಕೂ) ಮುಂದಿನದಕ್ಕೂ ನಡುವೆ ಇರುವುದು 8 ಬೈಟ್. ಟೈಮರ್ 0ದ್ದು 000ಬಿ, ಮುಂದಿನದು 0013. ಎಂಟು ಬೈಟಿಗಿಂತ ಉದ್ದದ ಕೋಡಿದ್ದರೆ ಅಲ್ಲಿ ಒಂದು ಜಂಪ್ ಮಾತ್ರ ಇಟ್ಟು, ಕೆಲಸ ಬೇರೆ ಕಡೆ ಮಾಡಿ.

ಸಿಮ್ಯುಲೇಟರಿನಲ್ಲಿ ಓಡುತ್ತದೆ, ಬೋರ್ಡಿನಲ್ಲಿ ಓಡುವುದಿಲ್ಲ.

ಸಿಮ್ಯುಲೇಟರಿನಲ್ಲಿ ಕರೆಂಟು ಯಾವತ್ತೂ ಏರುಪೇರಾಗುವುದಿಲ್ಲ, ಬಟನ್ ಕುಣಿಯುವುದಿಲ್ಲ, ವೈರು ಸಡಿಲವಾಗುವುದಿಲ್ಲ. ಚಿಪ್ಪಿನ 40 ಮತ್ತು 20ರ ನಡುವೆ ಆದಷ್ಟು ಹತ್ತಿರದಲ್ಲಿ 0.1 ಮೈಕ್ರೊಫ್ಯಾರಡ್ ಹಾಕಿ. ಕ್ರಿಸ್ಟಲ್ಲನ್ನು 18, 19ನೇ ಪಿನ್ನುಗಳಿಗೆ ಅಂಟಿದ ಹಾಗೆ ಕೂರಿಸಿ, ಗೇಣುದ್ದ ವೈರು ಎಳೆಯಬೇಡಿ. ಮೋಟಾರು, ರಿಲೇ ಇದ್ದರೆ ಕಾಯಿಲ್ಲಿಗೆ ಅಡ್ಡಲಾಗಿ ಡಯೋಡ್ ಹಾಕಿ. ಆಮೇಲೆ ಕೋಡು ನೋಡೋಣ.

ನಾನು ಕಂಪೈಲರಿಗಿಂತ ವೇಗದ ಕೋಡು ಬರೆಯಬಲ್ಲೆನೇ?

ಆರ್ಮ್, ರಿಸ್ಕ್-ಫೈವ್ ಚಿಪ್ಪುಗಳಲ್ಲಿ ಬಹುಪಾಲು ಇಲ್ಲ. 8051ರಲ್ಲಿ ಎಷ್ಟೋ ಸಲ ಹೌದು, ಯಾಕೆಂದರೆ ಅದರ ಒಳವಿನ್ಯಾಸ ಸಿ ಭಾಷೆಗೆ ಒಗ್ಗುವಂಥದ್ದಲ್ಲ. ಕಂಪೈಲರ್ ಎಕ್ಸ್‌ಪ್ಲೋರರ್ ಅನ್ನುವ ಜಾಲತಾಣದಲ್ಲಿ ನಿಮ್ಮ ಸಿ ಕೋಡನ್ನು ಒಂದು ಕಡೆ ಹಾಕಿದರೆ ಪಕ್ಕದಲ್ಲೇ ಅಸೆಂಬ್ಲಿ ಕಾಣುತ್ತದೆ. ಹತ್ತರಿಂದ ಭಾಗಿಸಿ ಅಂತ ಬರೆದು ನೋಡಿ. ಕಂಪೈಲರ್ ಭಾಗಾಕಾರವನ್ನೇ ಮಾಡದೆ ಒಂದು ದೊಡ್ಡ ಸಂಖ್ಯೆಯಿಂದ ಗುಣಿಸಿ ಬಲಕ್ಕೆ ಸರಿಸಿರುತ್ತದೆ. ಅದು ಯಾಕೆ ಸರಿಯಾಗುತ್ತದೆ ಅಂತ ಕಾಗದದ ಮೇಲೆ ಬಿಡಿಸಿಕೊಳ್ಳಿ, ಒಂದು ಸಂಜೆ ಹೋಗುತ್ತದೆ, ನಷ್ಟವಿಲ್ಲ.

ಇಂಗ್ಲಿಷ್ ಅಷ್ಟಾಗಿ ಬರುವುದಿಲ್ಲ. ಡೇಟಾಶೀಟ್ ಓದುವುದು ಹೇಗೆ?

ನಾನು ಹತ್ತನೇ ತರಗತಿ ತನಕ ಕನ್ನಡ ಮಾಧ್ಯಮ. ಡೇಟಾಶೀಟ್, ಅಂದರೆ ಚಿಪ್ ತಯಾರಕರು ಕೊಡುವ ವಿವರದ ಪುಸ್ತಿಕೆ, ಅದರ ಇಂಗ್ಲಿಷು ಕಾದಂಬರಿಯ ಇಂಗ್ಲಿಷಲ್ಲ, ಇನ್ನೂರು ಚಿಲ್ಲರೆ ಪದಗಳು ಮತ್ತೆ ಮತ್ತೆ ಬರುತ್ತವೆ, ಅಷ್ಟೇ. ಮೊದಲ ಪುಟದಿಂದ ಕೊನೆಯ ತನಕ ಓದಲು ಹೋಗಬೇಡಿ. ಪಿನ್ ಚಿತ್ರ, ಆಮೇಲೆ ಒಳಗಿನ ಬ್ಲಾಕ್ ಚಿತ್ರ, ಆಮೇಲೆ ನಿಮಗೆ ಬೇಕಾದ ರಿಜಿಸ್ಟರಿನ ಪುಟ. ಕೊನೆಯಲ್ಲಿರುವ ವಿದ್ಯುತ್ ಮಿತಿಗಳ ಕೋಷ್ಟಕವನ್ನು ಯಾರೂ ನೋಡುವುದಿಲ್ಲ. ಮೇಲಿನ 15 ಮಿಲಿಆಂಪಿಯರ್ ಮಿತಿ ಸಿಕ್ಕಿದ್ದು ಅದರ ಅಡಿಟಿಪ್ಪಣಿಯಲ್ಲಿ. ನಿಮ್ಮ ಕೋಡಿನ ಪ್ರತಿ ಸಾಲಿನ ಮುಂದೆ ಅದು ಯಾಕಿದೆ ಅಂತ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಬರೆದುಕೊಳ್ಳಿ. "ಆರ್7ಗೆ 250 ಹಾಕು" ಅಂತಲ್ಲ, ಅದು ಕೋಡಿನಲ್ಲೇ ಇದೆ. "ಅರ್ಧ ಮಿಲಿಸೆಕೆಂಡ್ ಕಾಯಲು" ಅಂತ.

8051 ಆದ ಮೇಲೆ ಏನು?

ಆರ್ಮ್ ಕಾರ್ಟೆಕ್ಸ್-ಎಂ. ಅಲ್ಲಿ ಇಂಟರಪ್ಟ್ ಬಂದಾಗ ಎಂಟು ರಿಜಿಸ್ಟರುಗಳನ್ನು ಹಾರ್ಡ್‌ವೇರೇ ಸ್ಟ್ಯಾಕಿನಲ್ಲಿ ಎತ್ತಿಡುತ್ತದೆ, ಕ್ಯಾರಿ ಇರುವ ಸ್ಟೇಟಸ್ ರಿಜಿಸ್ಟರೂ ಅದರಲ್ಲಿ ಸೇರಿದೆ. ನನ್ನ ಆ ಎರಡು ದಿನದ ಗೋಳು ಅಲ್ಲಿ ಹುಟ್ಟುತ್ತಲೇ ಇರಲಿಲ್ಲ. ಹೊಸಬರು ಅಲ್ಲಿ ಎಡವುವುದು ಬೇರೆ ಕಲ್ಲಿಗೆ: ಎಸ್‌ಟಿಎಂ32 ಚಿಪ್ಪಿನಲ್ಲಿ ಪೋರ್ಟಿಗೆ ಮೊದಲು ಕ್ಲಾಕ್ ಕೊಡದಿದ್ದರೆ ನೀವು ಏನು ಬರೆದರೂ ಅದಕ್ಕೆ ಕೇಳಿಸುವುದಿಲ್ಲ.

ರಾಸ್ಪ್‌ಬೆರಿ ಪೈ ಪಿಕೊ ಸಿಕ್ಕರೆ ಅದರ ಪಿಐಒ ಅನ್ನುವ ಭಾಗ ನೋಡಿ. ಪಿನ್ನುಗಳನ್ನು ಆಡಿಸುವುದಕ್ಕೇ ಇರುವ ಪುಟ್ಟ ಯಂತ್ರಗಳು ಅವು. ಅವುಗಳ ಅಸೆಂಬ್ಲಿಯಲ್ಲಿ ಸೂಚನೆಗಳು ಒಟ್ಟು ಒಂಬತ್ತು, ಒಂದು ಬ್ಲಾಕಿಗೆ ಜಾಗ 32 ಸೂಚನೆಗಳಿಗೆ. ಮೇಲೆ ಹೇಳಿದ ಬಣ್ಣದ ಎಲ್‌ಇಡಿ ಪಟ್ಟಿಯನ್ನು ಅದು ನಾಲ್ಕು ಸೂಚನೆಗಳಲ್ಲಿ ನಡೆಸುತ್ತದೆ. ಅಸೆಂಬ್ಲಿಯ ಕಾಲ ಮುಗಿಯಿತು ಅನ್ನುವವರಿಗೆ 2021ರಲ್ಲಿ ಬಂದ ಆ ಚಿಪ್ಪನ್ನು ತೋರಿಸುತ್ತೇನೆ.

ರಿಸ್ಕ್-ಫೈವ್‌ನ ಮೂಲ 32 ಬಿಟ್ ಪಟ್ಟಿಯಲ್ಲಿ ಸೂಚನೆಗಳು 40 ಮಾತ್ರ, ಓದಲು ಹಿತ. ಐಐಟಿ ಮದ್ರಾಸಿನ ಶಕ್ತಿ, ಸಿ-ಡ್ಯಾಕ್‌ನ ವೇಗ ಪ್ರೊಸೆಸರುಗಳು ಇದೇ ಕುಟುಂಬದವು.

ಇದರಿಂದ ಕೆಲಸ ಸಿಗುತ್ತದೆಯೇ?

"ಅಸೆಂಬ್ಲಿ ಪ್ರೋಗ್ರಾಮರ್ ಬೇಕಾಗಿದ್ದಾರೆ" ಅನ್ನುವ ಜಾಹೀರಾತು ನಾನು ಕಂಡಿಲ್ಲ. ಎಂಬೆಡೆಡ್ ಸಂದರ್ಶನಗಳಲ್ಲಿ ನಾನು ಕೂತಾಗ ಕೇಳುವುದು ಸ್ಟ್ಯಾಕ್, ಇಂಟರಪ್ಟ್, ಮೇನ್‌ಗೆ ಮುಂಚೆ ಏನಾಗುತ್ತದೆ ಅನ್ನುವುದನ್ನು. ಒಂದು ಚಿಪ್ಪನ್ನು ಹೀಗೆ ಅರೆದು ಕುಡಿದವರು ಕಣ್ಣು ಮಿಟುಕಿಸದೆ ಉತ್ತರ ಹೇಳುತ್ತಾರೆ.

ಎಷ್ಟು ದಿನ ಬೇಕು?

ದಿನಕ್ಕೆ ಒಂದು ಗಂಟೆ ಕೂತರೆ ಮೂರು ತಿಂಗಳಲ್ಲಿ ಸೀರಿಯಲ್ ಮತ್ತು ಇಂಟರಪ್ಟ್ ತನಕ ಬರಬಹುದು. ವಾರಕ್ಕೊಮ್ಮೆ ಏಳು ಗಂಟೆ ಕೂತರೆ ಬರುವುದಿಲ್ಲ.

ಚಿಪ್ ಮುಟ್ಟಿದರೆ ಸುಡುತ್ತಿದೆ. ಕೋಡಿನಲ್ಲಿ ಏನಾದರೂ ತಪ್ಪಿದೆಯೇ?

ಕೂಡಲೇ ಪವರ್ ತೆಗೆಯಿರಿ. ಚಿಪ್ಪಿನ ತಲೆಯ ಮೇಲಿರುವ ಅರ್ಧಚಂದ್ರದ ಗುರುತು ಯಾವ ಕಡೆಗಿದೆ ನೋಡಿ. ತಿರುಗಿಸಿ ಕೂರಿಸಿದ್ದೀರಿ: 40ನೇ ಪಿನ್ ಇರಬೇಕಾದ ಕಡೆ 20ನೇದು ಬಂದಿದೆ, 5 ವೋಲ್ಟು ಗ್ರೌಂಡಿಗೂ ಗ್ರೌಂಡು 5 ವೋಲ್ಟಿಗೂ ಹೋಗಿದೆ. ತಣ್ಣಗಾದ ಮೇಲೆ ಸರಿಯಾಗಿ ಹಾಕಿ ನೋಡಿ, ನನ್ನವು ಒಂದೆರಡು ಬದುಕಿವೆ. ಬದುಕದಿದ್ದರೆ ಎಸ್.ಪಿ. ರಸ್ತೆಗೆ ಹೋದಾಗ ಎರಡು ತನ್ನಿ.